ಎತ್ತಿನ ನೇಗಿಲನ್ನು ನಾವೇ ಸುಧಾರಿಸಿ ಮಾಡಿಕೊಳ್ಳಬಹುದಾ? ನಾನು ಮಾಡಿದ ನೇಗಿಲು ನೆಲಕ್ಕೆ ಯಾಕೆ ಇಳಿಯುತ್ತಿಲ್ಲ?

ನೀವು ಕೇಳಿರುವುದು ಮೂರು ವಿಷಯ. ವೆಲ್ಡಿಂಗ್ ಗೊತ್ತಿರುವವರು ಒಂದು ಜೋಡಿ ಎತ್ತು ಎಳೆಯುವಂಥ ಕಬ್ಬಿಣದ ನೇಗಿಲನ್ನು ಸ್ವಂತ ಮಾಡಿಕೊಳ್ಳಬಹುದಾ? ತಗಡು ಎಷ್ಟು ದಪ್ಪ ಇರಬೇಕು? ಈಗ ಮಾಡಿರುವ ನೇಗಿಲು ನೆಲಕ್ಕೆ ಇಳಿಯದೆ ಮೇಲೆ ಮೇಲೆ ಜಾರುತ್ತಿದೆ, ಅದಕ್ಕೆ ಇನ್ನಷ್ಟು ಭಾರ ಹಾಕಬೇಕಾ?

ಕೊನೆಯದಕ್ಕೆ ಮೊದಲು ಉತ್ತರ ಹೇಳುತ್ತೇನೆ. ಭಾರ ಹಾಕಬೇಡಿ.

ನಾನೂ ಅದೇ ತಪ್ಪು ಮಾಡಿದವನು. ನನ್ನ ಮೊದಲ ನೇಗಿಲಿಗೆ ಎಲ್ಲ ಕಡೆಯೂ ಹತ್ತು ಮಿಲಿಮೀಟರ್ ತಗಡು ಹಾಕಿದ್ದೆ. ಎತ್ತಲು ಇಬ್ಬರು ಬೇಕು. ಹೊಲಕ್ಕೆ ಒಯ್ದರೆ ಎರಡು ಬೆರಳು ಆಳ ಇಳಿದು ಮತ್ತೆ ಮೇಲೆ ಬರುತ್ತಿತ್ತು. ಭಾರ ಸಾಲದು ಅಂದುಕೊಂಡು ಮೇಲೊಂದು ಕಲ್ಲು ಕಟ್ಟಿದೆ. ಎತ್ತುಗಳು ಏದುಸಿರು ಬಿಟ್ಟವೇ ಹೊರತು ಸಾಲು ಆಳವಾಗಲಿಲ್ಲ. ಸಂಜೆ ಮನೆಗೆ ತಂದು ಮಗುಚಿ ಹಾಕಿ ನೋಡಿದಾಗ ಗೊತ್ತಾಯಿತು. ತಳ ತಟ್ಟೆಯ ಹಾಗೆ ಚಪ್ಪಟೆ. ಅದನ್ನು ಗ್ರೈಂಡರ್‌ನಲ್ಲಿ ಅರ್ಧ ದಿನ ಕೂತು ನಾನೇ ಚಪ್ಪಟೆ ಮಾಡಿದ್ದೆ, ಅದೂ ಖುಷಿಯಿಂದ.

ನೇಗಿಲು ಭಾರದಿಂದ ನೆಲಕ್ಕೆ ಇಳಿಯುವುದಿಲ್ಲ. ಗುಳದ, ಅಂದರೆ ಮಣ್ಣು ಕತ್ತರಿಸುವ ಅಲಗಿನ, ಮೂತಿ ತುಸು ಕೆಳಗೆ ಬಾಗಿರಬೇಕು, ಎಳೆದಾಗ ಅದು ತಾನೇ ಮಣ್ಣೊಳಗೆ ನುಗ್ಗುತ್ತದೆ. ನೇಗಿಲನ್ನು ಸಮ ನೆಲದ ಮೇಲೆ ನಿಲ್ಲಿಸಿ. ತಳ ಮೂರೇ ಕಡೆ ತಾಗಬೇಕು: ಗುಳದ ಮೂತಿ, ಗುಳದ ಬಲತುದಿ, ಮತ್ತು ಹಿಂದಿನ ಹಿಮ್ಮಡಿ. ಮೂತಿಗೂ ಹಿಮ್ಮಡಿಗೂ ನಡುವೆ ಮೂರರಿಂದ ಐದು ಮಿಲಿಮೀಟರ್ ಸಂದು ಇರಬೇಕು. ಅಳೆಯಲು ನಾನು ನಾಲ್ಕು ಮಿಲಿಮೀಟರ್ ವೆಲ್ಡಿಂಗ್ ರಾಡಿನ ಲೇಪ ಉದುರಿಸಿ ಇಟ್ಟುಕೊಂಡಿದ್ದೇನೆ. ಆ ಕಡ್ಡಿ ತಳದಡಿ ಸಲೀಸಾಗಿ ತೂರಬೇಕು, ಅಷ್ಟೇ. ಪಕ್ಕಕ್ಕೂ ಇದೇ ಲೆಕ್ಕ. ಉಳದ ನೆಲದ ಕಡೆ ಒರಗಿಕೊಂಡು ಹೋಗುವ ಪಟ್ಟಿ ಇದೆಯಲ್ಲ, ಅದರ ಉದ್ದಕ್ಕೂ ಒಂದು ನೇರ ಪಟ್ಟಿ ಹಿಡಿದರೆ ನಡುವೆ ನಾಲ್ಕೈದು ಮಿಲಿಮೀಟರ್ ಬೆಳಕು ಕಾಣಬೇಕು. ಆ ಸಂದು ಇಲ್ಲದಿದ್ದರೆ ನೇಗಿಲು ಹೊಸ ಮಣ್ಣು ಕಚ್ಚದೆ ಹಳೆಯ ಸಾಲಿನ ಕಡೆಗೇ ಜಾರುತ್ತದೆ.

ಚೆನ್ನಾಗಿ ಉಳುತ್ತಿದ್ದ ನೇಗಿಲು ಒಂದೆರಡು ಹಂಗಾಮು ಕಳೆದ ಮೇಲೆ ಹಟ ಹಿಡಿಯುವುದಕ್ಕೂ ಇದೇ ಕಾರಣ. ಗುಳದ ಮೂತಿ ಸವೆದು ಆ ನಾಲ್ಕು ಮಿಲಿಮೀಟರ್ ಮಾಯವಾಗಿರುತ್ತದೆ. ಜನ ಎತ್ತಿಗೆ ಬೈಯುತ್ತಾರೆ.

ಈಗ ಅಳತೆ. ತಗಡಿನ ದಪ್ಪದಿಂದ ಶುರು ಮಾಡಬೇಡಿ, ಎತ್ತಿನಿಂದ ಶುರು ಮಾಡಿ. ಒಂದು ಎತ್ತು ಹೆಚ್ಚು ದಣಿಯದೆ ಗಂಟೆಗಟ್ಟಲೆ ಎಳೆಯುವ ಬಲ ಅದರ ತೂಕದ ಸುಮಾರು ಹತ್ತನೇ ಒಂದು ಭಾಗ. 400 ಕೆಜಿಯ ಎರಡು ಎತ್ತಾದರೆ ಒಟ್ಟು 80 ಕೆಜಿ ಎಳೆತ. ಇನ್ನು ಮಣ್ಣಿನ ಕಡೆಯಿಂದ ನೋಡಿ. ಹದವಾಗಿರುವ ಮಧ್ಯಮ ಮಣ್ಣಿನಲ್ಲಿ ಸಾಲಿನ ಪ್ರತಿ ಚದರ ಸೆಂಟಿಮೀಟರ್‌ಗೆ ಸುಮಾರು ಅರ್ಧ ಕೆಜಿ ಎಳೆತ ಬೇಕು. ಮರಳು ಮಣ್ಣಾದರೆ ಅದರ ಅರ್ಧ ಸಾಕು. ಜಿಗುಟು ಜೇಡಿಯಾದರೆ 0.8ಕ್ಕೂ ಹೋಗಬಹುದು. 15 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಆಳ ಅಂದರೆ 150 ಚದರ ಸೆಂಟಿಮೀಟರ್. ಮಧ್ಯಮ ಮಣ್ಣಿನಲ್ಲಿ 75 ಕೆಜಿ ಎಳೆತ, ಎತ್ತಿಗೆ ಸರಿಹೋಯಿತು. ಅದೇ ನೇಗಿಲು ಜೇಡಿಮಣ್ಣಿಗೆ ಹೋದರೆ 120 ಕೆಜಿ. ಅರ್ಧ ಸಾಲಿಗೇ ನಿಲ್ಲುತ್ತವೆ. ನಿಮ್ಮ ನೇಗಿಲಿನ ಅಗಲ 22 ಸೆಂಟಿಮೀಟರ್ ಅಂತ ಬರೆದಿದ್ದೀರಿ. ಅದು ಟ್ರ್ಯಾಕ್ಟರಿಗೆ ಸರಿ, ಎರಡು ಎತ್ತಿಗೆ ಜಾಸ್ತಿ.

ಅಗಲವನ್ನು ತೀರಾ ಕಡಿಮೆಯೂ ಮಾಡುವಂತಿಲ್ಲ. ಕತ್ತರಿಸಿದ ಮಣ್ಣಿನ ಹೋಳಿನ ಅಗಲ ಆಳಕ್ಕಿಂತ ಕನಿಷ್ಠ 1.27 ಪಟ್ಟು ಇರಬೇಕು. ಅದಕ್ಕಿಂತ ಕಡಿಮೆಯಾದರೆ ಹೋಳು ಮಗುಚಿದ ಮೇಲೆ ನಿಲ್ಲದೆ ವಾಪಸ್ ಸಾಲಿಗೇ ಬೀಳುತ್ತದೆ. 15ಕ್ಕೆ 10 ಅಂದರೆ ಒಂದೂವರೆ ಪಟ್ಟು, ಚಿಂತೆಯಿಲ್ಲ.

ತಗಡಿನ ದಪ್ಪವನ್ನು ಒಂದೇ ಸಾಲಿನಲ್ಲಿ ಹೇಳಿಬಿಡುತ್ತೇನೆ: ಗುಳಕ್ಕೆ 8ರಿಂದ 10 ಮಿಲಿಮೀಟರ್, ಪಕ್ಕದ ಪಟ್ಟಿಗೂ ಅಷ್ಟೇ, ರೆಕ್ಕೆಗೆ 4ರಿಂದ 5 ಸಾಕು. ನನ್ನ ಎರಡನೆಯ ನೇಗಿಲು ಈಚು (ನೇಗಿಲಿನಿಂದ ಮುಂದಕ್ಕೆ ಚಾಚುವ ಉದ್ದನೆಯ ದಂಡ) ಬಿಟ್ಟು 16 ಕೆಜಿ ಬಂತು. ಮೊದಲನೆಯದರ ಅರ್ಧವೂ ಇಲ್ಲ.

ರೆಕ್ಕೆ ಅಂದರೆ ಗುಳ ಕತ್ತರಿಸಿದ ಮಣ್ಣನ್ನು ಎತ್ತಿ ಮಗುಚುವ ಬಾಗಿದ ತಗಡು, ಮೌಲ್ಡ್‌ಬೋರ್ಡ್ ಅನ್ನುತ್ತಾರಲ್ಲ, ಅದು. ಹಳೆಯ ಮರದ ನೇಗಿಲಿಗೂ ಇದಕ್ಕೂ ಇರುವ ನಿಜವಾದ ವ್ಯತ್ಯಾಸ ಇದೇ. ಮರದ ನೇಗಿಲು ಎರಡೂ ಕಡೆ ಸಮವಾಗಿ ಮಣ್ಣು ಸೀಳುತ್ತದೆ, ಎರಡು ಸಾಲಿನ ನಡುವೆ ಉಳದ ಏಣು ಉಳಿಯುತ್ತದೆ. ಅದಕ್ಕೇ ಅಡ್ಡಡ್ಡ ಇನ್ನೊಂದು ಸಲ ಉಳಬೇಕಾಗುತ್ತದೆ. ರೆಕ್ಕೆ ಇರುವ ನೇಗಿಲು ಚೌಕ ಸಾಲು ತೆಗೆದು ಕಳೆಯನ್ನು ಅಡಿಗೆ ಹಾಕುತ್ತದೆ.

ಈ ಬಾಗು ಹೇಗಿರಬೇಕು ಅಂತ ತಲೆಕೆಡಿಸಿಕೊಂಡವರಲ್ಲಿ ಥಾಮಸ್ ಜೆಫರ್ಸನ್ ಕೂಡ ಒಬ್ಬ. ಮುಂದೆ ಅಮೆರಿಕದ ಅಧ್ಯಕ್ಷನಾದವನೇ. 1788ರಲ್ಲಿ ಫ್ರಾನ್ಸಿನಲ್ಲಿ ಓಡಾಡುವಾಗ ಅಲ್ಲಿನ ರೈತರ ನೇಗಿಲಿನ ಒಡ್ಡೊಡ್ಡು ರೆಕ್ಕೆ ನೋಡಿ ಅವನಿಗೆ ಈ ಯೋಚನೆ ಹತ್ತಿತು. ಅವನು ಕಂಡುಕೊಂಡಿದ್ದು ಇಷ್ಟು: ರೆಕ್ಕೆಯ ಮುಂಭಾಗ ಮಣ್ಣನ್ನು ಎತ್ತುವ ಬೆಣೆ, ಹಿಂಭಾಗ ಮಣ್ಣನ್ನು ಪಕ್ಕಕ್ಕೆ ತಳ್ಳುವ ಬೆಣೆ. ಒಂದು ಇನ್ನೊಂದಾಗಿ ನಿಧಾನವಾಗಿ ತಿರುಗಿದರೆ ಎಳೆತ ಕಡಿಮೆ. ಅದಕ್ಕಿಂತ ನನಗೆ ಇಷ್ಟವಾದದ್ದು, ಆ ಬಾಗನ್ನು ಬರೀ ನೇರ ಗೆರೆಗಳಿಂದಲೇ ಮಾಡಬಹುದು ಅಂತ ಅವನು ತೋರಿಸಿದ್ದು. ಸಾಧಾರಣ ಬಡಗಿಯೂ ಗರಗಸದಲ್ಲಿ ಕೊಯ್ದು ಅದೇ ಆಕಾರವನ್ನು ಮತ್ತೆ ಮತ್ತೆ ತೆಗೆಯಬಹುದು.

ನಾನು ಮಾಡಿದ್ದು ಅದರದೇ ಸುಲಭದ ರೂಪ. ಹಲಗೆಯೊಂದರ ಮೇಲೆ ಎರಡು ಕೋಲು ನಿಲ್ಲಿಸಿದೆ. ಮುಂದಿನದು ಗುಳದ ಹಿಂಬದಿ ಅಂಚು ಎಲ್ಲಿ ಬರುತ್ತದೋ ಅಲ್ಲಿ, ಬಹುತೇಕ ಮಲಗಿದ ಹಾಗೆ. ಹಿಂದಿನದು ರೆಕ್ಕೆ ಮುಗಿಯುವಲ್ಲಿ, ನೆಟ್ಟಗೆ ನಿಂತು ಮೇಲುತುದಿ ಹೊರಗೆ ವಾಲಿದ ಹಾಗೆ. ಎರಡಕ್ಕೂ ಹತ್ತು ಸಮ ಗುರುತು ಹಾಕಿ, ಒಂದನೇ ಗುರುತಿನಿಂದ ಒಂದಕ್ಕೆ, ಎರಡರಿಂದ ಎರಡಕ್ಕೆ ದಾರ ಕಟ್ಟಿದೆ. ದಾರ ಎಲ್ಲವೂ ನೇರ, ಆದರೆ ದೂರದಿಂದ ನೋಡಿದರೆ ತಿರುಚಿದ ಒಂದು ಹಾಳೆ ಕಾಣುತ್ತದೆ. ಅದೇ ರೆಕ್ಕೆ. ಆ ದಾರಗಳಿಗೆ ರಟ್ಟು ಹಿಡಿದು ಅಚ್ಚು ಕತ್ತರಿಸಿಕೊಂಡರೆ, ತಗಡು ಬಡಿಯುವಾಗ ಒಂದೊಂದು ಕಡೆ ಆ ಅಚ್ಚು ಇಟ್ಟು ನೋಡಬಹುದು. ಈ ಆಕಾರಕ್ಕೆ ತಗಡನ್ನು ತಣ್ಣಗೆ ಬಗ್ಗಿಸಲು ಹೋಗಬೇಡಿ, ಬರುವುದಿಲ್ಲ. ಕುಲುಮೆಯಲ್ಲಿ ಕಾಯಿಸಿಯೇ ಬಡಿಯಬೇಕು. ಕುಲುಮೆ ಇಲ್ಲ ಅಂದರೆ ದೊಡ್ಡ ವ್ಯಾಸದ ಕಬ್ಬಿಣದ ಪೈಪಿನ ಒಂದು ಹೋಳನ್ನು ಓರೆಯಾಗಿ ಕೂರಿಸಿ. ಅದು ಹೆಂಟೆಯನ್ನು ಚೆನ್ನಾಗಿ ಪುಡಿ ಮಾಡುತ್ತದೆ, ಮಗುಚುವುದರಲ್ಲಿ ಮಾತ್ರ ಸ್ವಲ್ಪ ಹಿಂದೆ.

ಗುಳ ಮತ್ತು ರೆಕ್ಕೆ ಕೂಡುವ ಜಾಗದ ಬಗ್ಗೆ ಯಾರೂ ಹೇಳುವುದಿಲ್ಲ. ಅಲ್ಲಿ ಉಗುರು ಆಡಿಸಿ ನೋಡಿ. ಉಗುರು ತಡೆದರೆ ಮಣ್ಣೂ ತಡೆಯುತ್ತದೆ. ಮೊದಲು ಒಂದು ಚಿಟಿಕೆ ಮಣ್ಣು ಅಂಟುತ್ತದೆ, ಅದಕ್ಕೆ ಇನ್ನಷ್ಟು ಅಂಟುತ್ತದೆ, ನಾಲ್ಕು ಸಾಲು ಮುಗಿಯುವಷ್ಟರಲ್ಲಿ ರೆಕ್ಕೆಯೇ ಮಣ್ಣಿನದ್ದಾಗಿರುತ್ತದೆ. ಆಮೇಲೆ ಮಣ್ಣು ಜಾರುವುದು ಕಬ್ಬಿಣದ ಮೇಲಲ್ಲ, ಮಣ್ಣಿನ ಮೇಲೆ. ಬೋಲ್ಟಿನ ತಲೆಯೂ ಒಳಗೆ ಕೂತಿರಬೇಕು. ಅಮೆರಿಕದ ಇಲಿನಾಯ್‌ನಲ್ಲಿ ಜಾನ್ ಡೀರ್ ಎಂಬ ಕಮ್ಮಾರ 1837ರಲ್ಲಿ ಹೆಸರು ಮಾಡಿದ್ದು ಇದೊಂದೇ ಸಮಸ್ಯೆ ಬಿಡಿಸಿ. ಅಲ್ಲಿನ ಜಿಗುಟು ಮಣ್ಣು ಎರಕದ ಕಬ್ಬಿಣದ ನೇಗಿಲಿಗೆ ಅಂಟಿ, ರೈತರು ಹೆಜ್ಜೆ ಹೆಜ್ಜೆಗೆ ನಿಂತು ಕೆರೆಯಬೇಕಿತ್ತು. ಅವನು ಮುರಿದ ಗರಗಸದ ಉಕ್ಕಿನ ಅಲಗಿನಿಂದ ನಯವಾದ ನೇಗಿಲು ಮಾಡಿದ, ಮಣ್ಣು ತಾನೇ ಜಾರಿಹೋಯಿತು. ನಿಮ್ಮದು ತೀರಾ ಜಿಗುಟು ಮಣ್ಣಾದರೆ ಪೂರ್ತಿ ತಗಡಿನ ಬದಲು ಮೂರು ನಾಲ್ಕು ಪಟ್ಟಿಗಳನ್ನು ಸಂದು ಬಿಟ್ಟು ಕೂರಿಸಿದ ರೆಕ್ಕೆ ಮಾಡಿ. ಅಂಟಲು ಜಾಗವೇ ಕಡಿಮೆ.

ಗುಳಕ್ಕೆ ನಾನು ಬಳಸುವುದು ಲಾರಿಯ ಹಳೆಯ ಪಟ್ಟಿ ಸ್ಪ್ರಿಂಗು. ಒಳ್ಳೆಯ ಉಕ್ಕು, ಇಂಗಾಲ ಸಾಕಷ್ಟು ಇರುತ್ತದೆ. ಕಾಯಿಸಿ, ಚಪ್ಪಟೆ ಮಾಡಿ, ಕತ್ತರಿಸುವ ಅಂಚು ನೇಗಿಲು ಹೋಗುವ ದಿಕ್ಕಿಗೆ 40ರಿಂದ 45 ಡಿಗ್ರಿ ಓರೆ ಇರುವಂತೆ ಕತ್ತರಿಸಿ. ಆಮೇಲೆ ಹದ ಹಾಕುವುದು. ಕೆಂಪಗೆ ಕಾದಾಗ ಅಯಸ್ಕಾಂತ ಹಿಡಿಯಿರಿ. ಯಾವ ಕಾವಿನಲ್ಲಿ ಅದು ಅಂಟುವುದನ್ನು ಬಿಡುತ್ತದೋ, ಅದಕ್ಕಿಂತ ಒಂದು ಚೂರು ಹೆಚ್ಚು ಕಾಯಿಸಿ ಅಂಚನ್ನಷ್ಟೇ ಎಣ್ಣೆಯಲ್ಲಿ ಅದ್ದಿ. ನೀರಿನಲ್ಲಿ ಅದ್ದಬೇಡಿ. ನಾನು ಒಮ್ಮೆ ಅವಸರಕ್ಕೆ ಬಕೆಟ್ ನೀರಿಗೆ ಇಳಿಸಿದೆ. ಟಿಕ್ ಅಂತ ಒಂದೇ ಸದ್ದು. ಕೂದಲೆಳೆಯಷ್ಟು ಬಿರುಕು, ಎರಡು ದಿನದ ಕೆಲಸ ಹೋಯಿತು. ಎಣ್ಣೆಯಿಂದ ತೆಗೆದ ಮೇಲೆ ಅಂಚನ್ನು ಉಜ್ಜಿ ಬೆಳ್ಳಗೆ ಮಾಡಿ, ಹಿಂಬದಿಯಿಂದ ನಿಧಾನವಾಗಿ ಕಾಯಿಸಿ. ಹೊಂಬಣ್ಣ ಬಂದು, ನೇರಳೆಯಾಗಿ, ನೀಲಿಗೆ ತಿರುಗುವಾಗ ನಿಲ್ಲಿಸಿ. ಹೊಂಬಣ್ಣಕ್ಕೇ ಬಿಟ್ಟರೆ ಕಲ್ಲು ತಾಗಿದಾಗ ಚೂರು ಹಾರುತ್ತದೆ.

ಗುಳದ ಕೆಳಮುಖಕ್ಕೆ, ಅಂಚಿನುದ್ದಕ್ಕೂ, ಹಾರ್ಡ್‌ಫೇಸಿಂಗ್ ರಾಡಿನಿಂದ (ಬೇಗ ಸವೆಯದ ಗಟ್ಟಿ ಪದರ ಕೂರಿಸುವ ವೆಲ್ಡಿಂಗ್ ರಾಡು) ತೆಳುವಾಗಿ ಒಂದು ಗೆರೆ ಎಳೆಯಿರಿ. ಉಕ್ಕನ್ನು ಮೊದಲು ಬಿಸಿ ಮಾಡಿಕೊಂಡು, ಹದ ಹಾಕುವುದಕ್ಕೆ ಮುಂಚೆಯೇ ಈ ಕೆಲಸ ಮುಗಿಸಿ. ಕೆಳಗೆ ಯಾಕೆ ಅಂದರೆ, ಇಂಗ್ಲೆಂಡಿನ ಇಪ್ಸ್‌ವಿಚ್‌ನ ರಾಬರ್ಟ್ ರಾನ್ಸಮ್ 1803ರಲ್ಲಿ ಪೇಟೆಂಟ್ ತೆಗೆದ ಗುಳದ ಗುಟ್ಟೇ ಅದು. ಎರಕ ಹೊಯ್ಯುವಾಗ ಗುಳದ ತಳವನ್ನು ಬೇಗ ತಣಿಸಿ ಗಟ್ಟಿ ಮಾಡಿದ. ಮೇಲಿನ ಮೆದು ಭಾಗ ಬೇಗ ಸವೆಯುತ್ತದೆ, ತಳದ ಗಟ್ಟಿ ಪದರ ಮುಂದೆ ಚಾಚಿಕೊಂಡು ಅಂಚಾಗಿ ಉಳಿಯುತ್ತದೆ. ಉಳುತ್ತಾ ಉಳುತ್ತಾ ಗುಳ ತಾನೇ ಸಾಣೆ ಹಿಡಿದುಕೊಳ್ಳುತ್ತದೆ.

ಗುಳವನ್ನು ವೆಲ್ಡ್ ಮಾಡಿ ಕೂರಿಸಬೇಡಿ, ಬೋಲ್ಟ್ ಹಾಕಿ. 1797ರಲ್ಲಿ ಚಾರ್ಲ್ಸ್ ನ್ಯೂಬೋಲ್ಡ್ ಎಂಬಾತ ಗುಳ, ರೆಕ್ಕೆ, ಪಕ್ಕದ ಪಟ್ಟಿ ಎಲ್ಲವನ್ನೂ ಒಂದೇ ಎರಕದಲ್ಲಿ ಮಾಡಿದ್ದ. ಮೂತಿ ಮುರಿದರೆ ಇಡೀ ನೇಗಿಲೇ ಗುಜರಿ. 1819ರಲ್ಲಿ ಜೆತ್ರೋ ವುಡ್ ಬಿಡಿಭಾಗ ಬದಲಿಸುವ ನೇಗಿಲಿಗೆ ಪೇಟೆಂಟ್ ಪಡೆದ ಮೇಲೆ ಎರಕದ ನೇಗಿಲು ಜನಕ್ಕೆ ಒಗ್ಗಿತು. ನೀವು ಎರಡು ಗುಳ ಒಟ್ಟಿಗೇ ಮಾಡಿಟ್ಟುಕೊಳ್ಳಿ, ತೂತುಗಳನ್ನು ಒಂದೇ ಅಚ್ಚಿನಿಂದ ಹೊಡೆಯಿರಿ.

ಇನ್ನು ಎಳೆತದ ಗೆರೆ. ಎತ್ತಿನ ಕೊರಳ ಮೇಲಿನ ನೊಗ, ನೇಗಿಲಿನ ಕೊಂಡಿ, ಮಣ್ಣು ತಡೆಯುವ ಜಾಗ, ಈ ಮೂರೂ ಒಂದೇ ನೇರದಲ್ಲಿ ಬರಬೇಕು. ಮಣ್ಣಿನ ತಡೆ ಹೆಚ್ಚುಕಡಿಮೆ ಗುಳ ಮತ್ತು ರೆಕ್ಕೆ ಕೂಡುವ ಕಡೆ, ಪಕ್ಕದ ಪಟ್ಟಿಗೆ ಹತ್ತಿರ ಇರುತ್ತದೆ. ಸರಪಳಿ ಕಟ್ಟಿ ಎಳೆಯುವ ನೇಗಿಲಾದರೆ ಮುಂದೆ ಐದಾರು ತೂತಿನ ಒಂದು ನೆಟ್ಟನೆಯ ಪಟ್ಟಿ ಹಾಕಿ. ಕೊಂಡಿಯನ್ನು ಒಂದು ತೂತು ಮೇಲೆ ಹಾಕಿದರೆ ನೇಗಿಲು ಆಳಕ್ಕೆ ಹೋಗುತ್ತದೆ, ಕೆಳಗೆ ಹಾಕಿದರೆ ಮೇಲೆ ಬರುತ್ತದೆ. ಈಚು ನೇರ ನೊಗಕ್ಕೇ ಹೋಗುವುದಾದರೆ ನೊಗವನ್ನು ಈಚಿನ ತುದಿಯ ಕಡೆಗೆ ಸರಿಸಿ ಕಟ್ಟಿದಷ್ಟೂ ಆಳ, ನೇಗಿಲಿನ ಹತ್ತಿರ ತಂದಷ್ಟೂ ತೇಲುತ್ತದೆ. ಇದು ಸರಿ ಇದ್ದರೆ ಮೇಣಿಯನ್ನು ಸುಮ್ನೆ ಹಿಡಿದುಕೊಂಡು ನಡೆದರೆ ಸಾಕು. ಸಂಜೆಗೆ ತೋಳು ನೋಯುತ್ತಿದೆ ಅಂದರೆ ತೋಳಿನ ದೋಷ ಅಲ್ಲ, ಗೆರೆ ತಪ್ಪಿದೆ.

ಹಳೆಯದಕ್ಕಿಂತ ಹೊಸದು ಮೇಲೋ ಅಂತ ಕಣ್ಣಳತೆಯಲ್ಲಿ ತೀರ್ಮಾನಿಸಬೇಡಿ. ಮೂಟೆ ತೂಗುವ ನೇತುಹಾಕುವ ತಕ್ಕಡಿ ಸಿಗುತ್ತದಲ್ಲ, 200 ಕೆಜಿಯದು, ಅದನ್ನು ಸರಪಳಿಗೂ ಕೊಂಡಿಗೂ ನಡುವೆ ಸಿಕ್ಕಿಸಿ. ಈಚು ನೇರ ನೊಗಕ್ಕೆ ಹೋಗುವುದಾದರೂ ಪರೀಕ್ಷೆಗೆ ಮಾತ್ರ ಸರಪಳಿ ಕಟ್ಟಿಕೊಳ್ಳಿ. ಒಂದೇ ಹೊಲ, ಒಂದೇ ದಿನ, ಒಂದೇ ಆಳ. ಮುಳ್ಳು ಕುಣಿಯುತ್ತಿರುತ್ತದೆ, ಹಾಗಾಗಿ ಒಬ್ಬರು ಪಕ್ಕದಲ್ಲಿ ನಡೆಯುತ್ತಾ ಹತ್ತು ಹತ್ತು ಹೆಜ್ಜೆಗೆ ಓದಿ ಹೇಳಲಿ, ಇನ್ನೊಬ್ಬರು ಬರೆದುಕೊಳ್ಳಲಿ. ಸರಪಳಿ 20 ಡಿಗ್ರಿ ಓರೆ ಇದ್ದರೆ ನಿಜವಾದ ಮುಂದೆಳೆತ ತಕ್ಕಡಿ ತೋರಿಸಿದ್ದಕ್ಕಿಂತ ಶೇಕಡ 6ರಷ್ಟು ಕಡಿಮೆ. ಆ ಸರಾಸರಿಯನ್ನು ಸಾಲಿನ ಅಗಲ ಮತ್ತು ಆಳದ ಗುಣಲಬ್ಧದಿಂದ ಭಾಗಿಸಿ. ಆ ಸಂಖ್ಯೆ ಇಳಿದರೆ ಮಾತ್ರ ಸುಧಾರಣೆ ಅನ್ನಿ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು. ಮಣ್ಣು ಮಗುಚಿದರೆ ತೇವ ಬೇಗ ಆರುತ್ತದೆ, ಇಳಿಜಾರಿನಲ್ಲಿ ಮಣ್ಣು ಕೊಚ್ಚಿಹೋಗುವುದೂ ಜಾಸ್ತಿ. ಮಳೆ ನಂಬಿದ ಇಳಿಜಾರು ಹೊಲವಾದರೆ ರೆಕ್ಕೆ ಬಿಚ್ಚಿಟ್ಟು ಬರೀ ಗುಳದಲ್ಲಿ ಉಳುವ ಹಾಗೆ ಮಾಡಿಕೊಳ್ಳಿ. ಬೋಲ್ಟ್ ಹಾಕಿದ್ದರೆ ಎರಡು ನಿಮಿಷದ ಕೆಲಸ.

ನಿಮ್ಮ ನೇಗಿಲಿನ ಫೋಟೋ ಹಾಕಿದ್ದೀರಿ, ಆದರೆ ಅದು ಪಕ್ಕದಿಂದ ತೆಗೆದದ್ದು, ಅದರಲ್ಲಿ ಏನೂ ತಿಳಿಯುವುದಿಲ್ಲ. ಮಗುಚಿ ಹಾಕಿ, ಮೂತಿಯಿಂದ ಹಿಮ್ಮಡಿಯವರೆಗೆ ಒಂದು ನೇರ ಪಟ್ಟಿ ಇಟ್ಟು, ತಳದ ಫೋಟೋ ಹಾಕಿ. ಮಿಕ್ಕಿದ್ದು ಆಮೇಲೆ ನೋಡೋಣ.