ಕಾಲರ್ ಬೋನ್ ಆಪರೇಷನ್‌ಗೆ ಕೊಡುವ ನರ್ವ್ ಬ್ಲಾಕ್‌ನಿಂದ ಕೈ ಕಾಯಂ ಜೋಮು ಹಿಡಿಯುತ್ತದೆಯೇ?

ತಮ್ಮನಿಗೆ ನಾಡಿದ್ದು ಪ್ಲೇಟ್ ಹಾಕುತ್ತಾರೆ, ಕತ್ತಿಗೆ ಇಂಜೆಕ್ಷನ್ ಅಂದ ಕೂಡಲೇ ಅಮ್ಮ ಹೆದರಿದ್ದಾರೆ ಅಂತ ಬರೆದಿದ್ದೀರಿ. ಹೋದ ಮಳೆಗಾಲದಲ್ಲಿ ಆಲ್ದೂರಿನ ಹತ್ತಿರ ಬೈಕ್ ಜಾರಿ ನನ್ನ ಬಲಗಡೆಯ ಕಾಲರ್ ಬೋನ್ ಮುರಿದಿತ್ತು. ಹಾಸನದಲ್ಲಿ ಆಪರೇಷನ್ ಆಯಿತು, ನರದ ಸುತ್ತ ಮದ್ದು ಚುಚ್ಚಿ ನೋವು ಗೊತ್ತಾಗದಂತೆ ಮಾಡುವ ಈ ಬ್ಲಾಕ್ ಕೂಡ ಕೊಟ್ಟಿದ್ದರು. ಕೈ ಜೋಮು ಹಿಡಿಯುತ್ತದೆ, ಕಾಯಂ ಅಲ್ಲ. ನನಗೆ ಸುಮಾರು 15 ಗಂಟೆ ಇತ್ತು. ನರಕ್ಕೆ ಶಾಶ್ವತ ಪೆಟ್ಟಾಗುವುದು ತೀರಾ ಅಪರೂಪ. ಈಗ ಸ್ಕ್ಯಾನಿಂಗ್ ಪರದೆಯಲ್ಲಿ ನರ, ಸೂಜಿ ಎರಡನ್ನೂ ನೋಡಿಕೊಂಡೇ ಚುಚ್ಚುತ್ತಾರೆ.

ನೀವು ಹೆದರಬೇಕಾದ್ದು ಇಂಜೆಕ್ಷನ್‌ಗಲ್ಲ, ಅದು ಇಳಿಯುವ ಹೊತ್ತಿಗೆ. ಬೆಳಿಗ್ಗೆ ಹನ್ನೊಂದಕ್ಕೆ ಬ್ಲಾಕ್ ಕೊಟ್ಟರು, ಸಂಜೆಯವರೆಗೂ ನೋವೆಂಬುದೇ ಇಲ್ಲ. ಮನೆಯವರು ತಂದ ಗಂಜಿ ಕುಡಿದೆ. ರಾತ್ರಿ ಕೊಟ್ಟ ಮಾತ್ರೆಯನ್ನು ‘ನೋವೇ ಇಲ್ವಲ್ಲ’ ಅಂತ ದಿಂಬಿನ ಪಕ್ಕ ಇಟ್ಟುಬಿಟ್ಟೆ. ಎರಡು ಗಂಟೆಗೆ ಎಚ್ಚರವಾದಾಗ ಭುಜಕ್ಕೆ ಕೆಂಡ ಇಟ್ಟ ಹಾಗೆ. ಆಮೇಲೆ ಏನು ಕೊಟ್ಟರೂ ಹಿಡಿತಕ್ಕೆ ಬರಲು ಬೆಳಗಾಯಿತು. ದಯವಿಟ್ಟು ತಮ್ಮನಿಗೆ ಇದೊಂದನ್ನು ಒತ್ತಿ ಹೇಳಿ: ಡಾಕ್ಟರ್ ಬರೆದ ಮಾತ್ರೆಯನ್ನು ನೋವು ಬರುವ ಮೊದಲೇ, ಹೇಳಿದ ಹೊತ್ತಿಗೆ ನುಂಗಬೇಕು. ರಾತ್ರಿ ಪಕ್ಕದಲ್ಲಿ ಯಾರಾದರೂ ಇರಲಿ.

ಕತ್ತಿನ ಬುಡದಲ್ಲಿ ಕೊಡುವ ಇಂಟರ್‌ಸ್ಕೇಲೀನ್ ಬ್ಲಾಕ್ ಆದರೆ ಇನ್ನೊಂದು ವಿಷಯ. ಉಸಿರಾಟದ ವಪೆಯನ್ನು ನಡೆಸುವ ನರ ಪಕ್ಕದಲ್ಲೇ ಹಾದುಹೋಗುತ್ತದೆ, ಮದ್ದು ಅದಕ್ಕೂ ಹರಡಿ ಆ ಬದಿಯ ವಪೆ ಕೆಲ ಗಂಟೆ ಸುಮ್ಮನಾಗುತ್ತದೆ. ನನಗೆ ಉಸಿರು ಪೂರ್ತಿ ತುಂಬುತ್ತಿಲ್ಲ ಅನ್ನಿಸಿತ್ತು, ಬಲಗಣ್ಣಿನ ರೆಪ್ಪೆ ಜೋತುಬಿದ್ದಿತ್ತು, ಸ್ವರವೂ ಒಡೆದಿತ್ತು. ನನ್ನ ಹೆಂಡತಿ ಲಕ್ವ ಹೊಡೆಯಿತೆಂದು ಅಳತೊಡಗಿದಳು. ಮರುದಿನಕ್ಕೆ ಎಲ್ಲ ಸರಿಹೋಯಿತು. ಆದರೆ ತಮ್ಮನಿಗೆ ಉಬ್ಬಸವೋ ಬೇರೆ ಶ್ವಾಸಕೋಶದ ಕಾಯಿಲೆಯೋ ಇದ್ದರೆ, ರಕ್ತ ತೆಳುವಾಗಲು ಮಾತ್ರೆ ತಗೊಳ್ಳುತ್ತಿದ್ದರೆ ಅನಸ್ತೇಷಿಯಾ ಡಾಕ್ಟರಿಗೆ ಮೊದಲೇ ಹೇಳಿ, ಮುಚ್ಚಿಡಬೇಡಿ. ಮೂಳೆಯ ಸುತ್ತಲೂ ಕತ್ತಿನ ಚರ್ಮದ ನರಗಳಿಗೂ ಮಾತ್ರ ಮದ್ದು ಹಾಕುವ ವಿಧಾನವೂ ಇದೆ. ಅದರಲ್ಲಿ ಉಸಿರಿಗೆ ತೊಂದರೆ ಕಡಿಮೆ, ಕೈಬೆರಳೂ ಆಡುತ್ತದೆ. ತಮ್ಮನಿಗೆ ಅದು ಹೊಂದುತ್ತದೆಯೇ ಅಂತ ಸಂಕೋಚಪಡದೆ ಕೇಳಿ. ಬ್ಲಾಕ್ ಕೊಟ್ಟ ಮೇಲೂ ಉಸಿರಾಟದ ಕಷ್ಟ ಹೆಚ್ಚುತ್ತಾ ಹೋದರೆ ತಕ್ಷಣ ನರ್ಸನ್ನು ಕರೆಯಿರಿ.

ಜೋಮು ಹಿಡಿದ ಕೈ ತನ್ನದಲ್ಲದ ಹಾಗೆ ನೇತಾಡುತ್ತದೆ. ಸ್ಲಿಂಗ್ ಬಿಚ್ಚಬೇಡಿ, ಬಿಸಿನೀರಿನ ಚೀಲ ಹತ್ತಿರ ತರಬೇಡಿ, ಸುಟ್ಟರೂ ಗೊತ್ತಾಗುವುದಿಲ್ಲ.

ಇನ್ನೊಂದು ಮಾತು. ಹೊಲಿಗೆಯ ಕೆಳಗೆ ಎದೆಯ ಮೇಲೆ ಅಂಗೈ ಅಗಲದ ಜಾಗ ನನಗೆ ಇವತ್ತಿಗೂ ಮಂದವಾಗಿದೆ. ಅದು ಬ್ಲಾಕ್‌ನಿಂದ ಬಂದದ್ದಲ್ಲ. ಮೂಳೆಯ ಮೇಲೆ ಹಾದುಹೋಗುವ ಚರ್ಮದ ಸಣ್ಣ ನರಗಳು ಕೊಯ್ಯುವಾಗ ತುಂಡಾಗಬಹುದು ಅಂತ ಸರ್ಜನ್ ಮೊದಲೇ ತಿಳಿಸಿದ್ದರು. ತೋಳಿಗೆ, ಬೆರಳಿಗೆ ಏನೂ ಆಗಿಲ್ಲ. ಈ ಸಲ ಮೆಣಸು ಕೊಯ್ಯಲು ಏಣಿಯನ್ನೂ ಹತ್ತಿದೆ.