ಎಸ್ಪೊಸಿಟೊ ಎಂಬ ಇಟಾಲಿಯನ್ ಮನೆತನದ ಹೆಸರಿನ ಮೂಲ ಏನು?

ಇದು ನೇಪಲ್ಸ್ ಕಡೆಯ ಹೆಸರು. ಲ್ಯಾಟಿನ್‌ನ 'ಎಕ್ಸ್‌ಪೊಸಿಟಸ್' ಪದದಿಂದ ಬಂದದ್ದು. ಅರ್ಥ 'ಹೊರಗೆ ಇಟ್ಟದ್ದು', ಅಂದರೆ ಹೆತ್ತವರು ಬಿಟ್ಟುಹೋದ ಮಗು. ನೇಪಲ್ಸ್‌ನ ಅನ್ನುಂಜಿಯಾಟಾ ಅನಾಥಾಲಯದ ಗೋಡೆಯಲ್ಲಿ ತಿರುಗುವ ಮರದ ಪೆಟ್ಟಿಗೆಯೊಂದಿತ್ತು. ಮಗುವನ್ನು ಅದರಲ್ಲಿಟ್ಟು ತಿರುಗಿಸಿದರೆ ಒಳಗಿದ್ದವರು ಎತ್ತಿಕೊಳ್ಳುತ್ತಿದ್ದರು. ಇಟ್ಟವರ ಮುಖ ಅವರಿಗೆ ಕಾಣುತ್ತಿರಲಿಲ್ಲ. ಅಂಥ ಮಕ್ಕಳಿಗೆ ಎಸ್ಪೊಸಿಟೊ ಎಂದೇ ಹೆಸರು ಬರೆಯುತ್ತಿದ್ದರು. ಹೆಸರು ಕೇಳಿದ ಕೂಡಲೇ ಹುಟ್ಟಿನ ಕಥೆ ಊರಿಗೆಲ್ಲ ಗೊತ್ತಾಗಿಬಿಡುತ್ತಿತ್ತು, ಪಾಪ ಅಲ್ವಾ? 19ನೇ ಶತಮಾನದ ಆರಂಭದಲ್ಲಿ, ಫ್ರೆಂಚ್ ಸೇನಾನಿ ಮುರಾ ನೇಪಲ್ಸ್‌ನ ರಾಜನಾಗಿದ್ದಾಗ, ಈ ಹೆಸರಿಡುವುದನ್ನು ನಿಲ್ಲಿಸಲಾಯಿತು. ಪೆಟ್ಟಿಗೆ ಮಾತ್ರ 1875ರವರೆಗೆ ಉಳಿಯಿತು. ಸಂಬಂಧವೇ ಇಲ್ಲದ ಎಷ್ಟೋ ಮಕ್ಕಳಿಗೆ ಇದೇ ಹೆಸರು ಬಂದದ್ದರಿಂದ ಇವತ್ತಿನ ಎಸ್ಪೊಸಿಟೊಗಳೆಲ್ಲ ಒಂದೇ ಬಳ್ಳಿಯವರಲ್ಲ. ಫ್ಲಾರೆನ್ಸ್‌ನಲ್ಲಿ ಇಂಥ ಮಕ್ಕಳಿಗೆ ಇನ್ನೊಸೆಂಟಿ ಎಂಬ ಹೆಸರು ಬರುತ್ತಿತ್ತು.