ಕಬಡ್ಡಿಯಲ್ಲಿ ಪಾದ ಉಳುಕಿದೆ, ವೈದ್ಯರ ಬಳಿ ಹೋಗಬೇಕೇ?

ರೈಡ್ ಮಾಡುವಾಗ ಪಾದ ಒಳಕ್ಕೆ ಮಡಚಿಕೊಂಡಿತು, ಊತ ಬಂದಿದೆ, ಕುಂಟುತ್ತಾ ನಡೆಯುತ್ತಿದ್ದೇನೆ, ಉಳುಕು ತೆಗೆಸಿದರೆ ಸಾಕೇ ಎಂದು ಕೇಳಿದ್ದೀರಿ. ದೈಹಿಕ ಶಿಕ್ಷಕನಾಗಿ ನಾನು ಇಂಥ ಪಾದಗಳನ್ನು ಬಹಳ ನೋಡಿದ್ದೇನೆ. ದಯವಿಟ್ಟು ಊತ ನೋಡಿ ತೀರ್ಮಾನಿಸಬೇಡಿ. ಬರೀ ಅಸ್ಥಿರಜ್ಜು (ಮೂಳೆಗಳನ್ನು ಜೋಡಿಸುವ ಪಟ್ಟಿ) ಹರಿದಾಗಲೂ ಪಾದ ಬನ್ನಿನಂತೆ ಊದಿಕೊಳ್ಳುತ್ತದೆ. ಮೂಳೆ ಬಿರುಕು ಬಿಟ್ಟರೂ ಕೆಲವೊಮ್ಮೆ ಅಷ್ಟು ಊದುವುದಿಲ್ಲ.

ನೋಡಬೇಕಾದದ್ದು ಮೂಳೆಯನ್ನು. ಕೆನಡಾದ ಒಟ್ಟಾವದ ವೈದ್ಯರು 1992ರಲ್ಲಿ ಪ್ರಕಟಿಸಿದ ಸರಳ ನಿಯಮ ಇಂದಿಗೂ ಬಳಕೆಯಲ್ಲಿದೆ. ಹರಡಿನ ಉಬ್ಬಿದ ಮೂಳೆಯ ತುದಿಯಿಂದ ಅದರ ಹಿಂಬದಿಯ ಅಂಚಿನಲ್ಲಿ 6 ಸೆಂ.ಮೀ. ಮೇಲಿನವರೆಗೆ ಬೆರಳಿನಿಂದ ಒತ್ತುತ್ತಾ ಹೋಗಿ, ಹೊರಗೂ ಒಳಗೂ. ಮೂಳೆಯ ಮೇಲೆಯೇ ನೋವಿದ್ದರೆ ಎಕ್ಸ್‌ರೇ ಬೇಕು. ಪಾದದ ಹೊರ ಅಂಚಿನ ನಡುಭಾಗದಲ್ಲಿ, ಕಿರುಬೆರಳಿನ ನೇರಕ್ಕೆ, ಒಂದು ಗಂಟು ಕೈಗೆ ಸಿಗುತ್ತದೆ. ಪಾದ ಒಳಕ್ಕೆ ಮಡಚಿದಾಗ ಅದು ಮುರಿಯುವುದುಂಟು, ಆದರೆ ಯಾರೂ ಅದನ್ನು ಮುಟ್ಟಿ ನೋಡುವುದೇ ಇಲ್ಲ. ಒಳಬದಿಯಲ್ಲಿ ಪಾದದ ಕಮಾನಿನ ಮೇಲಿರುವ ಮೂಳೆಯನ್ನೂ ಒತ್ತಿ. ಪೆಟ್ಟಾದ ಕೂಡಲೇ ಮತ್ತು ಈಗಲೂ ನಾಲ್ಕು ಹೆಜ್ಜೆ ಇಡಲಾಗದಿದ್ದರೂ ಎಕ್ಸ್‌ರೇ ಬೇಕು. ಕುಂಟಿದರೆ ಚಿಂತೆಯಿಲ್ಲ, ಆ ಕಾಲಿನ ಮೇಲೆ ಭಾರ ಬೀಳಬೇಕು.

ಪಾದ ಸೊಟ್ಟಗಾಗಿದ್ದರೆ, ಜೋಮು ಹಿಡಿದಿದ್ದರೆ, ತಣ್ಣಗಾಗಿ ಬಣ್ಣಗೆಟ್ಟಿದ್ದರೆ ಪರೀಕ್ಷೆ ಮಾಡುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರಿಗೆ ಈ ನಿಯಮ ನಂಬಲರ್ಹವಲ್ಲ. ಅವರು ನೇರವಾಗಿ ವೈದ್ಯರಿಗೇ ತೋರಿಸಬೇಕು.

ಹರಳೆಣ್ಣೆ ತಿಕ್ಕಿ ಲಟಕ್ಕನೆ ಎಳೆಸುವುದನ್ನು ಮಾತ್ರ ಬೇಡವೇ ಬೇಡ ಎನ್ನುತ್ತೇನೆ. ಬಿರುಕು ಬಿಟ್ಟ ಮೂಳೆ ಆ ಎಳೆತಕ್ಕೆ ಜರುಗಬಹುದು. ಮೊದಲ ಎರಡು ಮೂರು ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹದಿನೈದು ಇಪ್ಪತ್ತು ನಿಮಿಷ ಇಟ್ಟು ತೆಗೆಯಿರಿ, ಕಾಲನ್ನು ದಿಂಬಿನ ಮೇಲೆತ್ತಿಡಿ.

ನೀವು ಕೇಳಿಲ್ಲ, ಆದರೂ ಕಬಡ್ಡಿ ಆಡುವವರಾದ್ದರಿಂದ ಮಂಡಿಯ ವಿಷಯ ಹೇಳಲೇಬೇಕು. ತಿರುಗುವಾಗ ಮಂಡಿಯೊಳಗೆ ‘ಟಪ್’ ಎಂದು, ಕೆಲವೇ ಗಂಟೆಗಳಲ್ಲಿ ಊದಿಕೊಂಡರೆ ಕೀಲಿನೊಳಗೆ ರಕ್ತ ತುಂಬಿರುವ ಸಾಧ್ಯತೆ ಹೆಚ್ಚು. ಎಷ್ಟೋ ಸಲ ಅದು ಎಸಿಎಲ್, ಅಂದರೆ ಮಂಡಿಯೊಳಗಿನ ಮುಖ್ಯ ಅಸ್ಥಿರಜ್ಜು, ಹರಿದಿರುವ ಗುರುತು. ಕೆಲವು ವಾರಗಳಲ್ಲಿ ನೋವು ಇಳಿಯುತ್ತದೆ, ಹುಡುಗರು ಮತ್ತೆ ಅಂಕಣಕ್ಕಿಳಿಯುತ್ತಾರೆ, ಮಂಡಿ ಕೈಕೊಡುತ್ತದೆ, ಒಳಗಿನ ಮೆದುಮೂಳೆಯೂ ಹರಿಯುತ್ತದೆ. ಅಲ್ಲಿ ನೋವು ಇಳಿದರೂ ಮೂಳೆ ತಜ್ಞರಿಗೆ ತೋರಿಸಲೇಬೇಕು.

ನಿಮ್ಮ ಪಾದದಲ್ಲಿ ಒತ್ತಿದ ಕಡೆಯೆಲ್ಲೂ ಮೂಳೆ ನೋಯದಿದ್ದರೆ ಮನೆಯಲ್ಲೇ ಆರೈಕೆ ಮಾಡಿಕೊಳ್ಳಿ. ಒಂದು ವಾರವಾದರೂ ಭಾರ ಹಾಕುವುದು ಸುಲಭವಾಗದಿದ್ದರೆ ಕಾಯಬೇಡಿ, ತೋರಿಸಿ.